ಸರ್ಕಾರಿ ಶಾಲಾ ಶಿಕ್ಷಕರ ವರ್ಗಾವಣೆ ಆದೇಶವನ್ನು ಕಾನೂನಿನಂತೆ ಪ್ರಶ್ನಿಸುವ ಬಗೆ

ವರ್ಗಾವಣೆ ಆದೇಶ ಮೊಬೈಲಿಗೆ ಬಂದ ಸಂಜೆ ಶಿಕ್ಷಕರು ಪರಿಚಯದ ವಕೀಲರನ್ನೋ ಸಂಘದ ಪದಾಧಿಕಾರಿಗಳನ್ನೋ ಕೇಳುವ ಮೊದಲ ಮಾತು ‘ಇದಕ್ಕೆ ಸ್ಟೇ ಸಿಗುತ್ತದೆಯೇ’ ಎಂಬುದು. ತಡೆಯಾಜ್ಞೆ ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ಅದಕ್ಕಿಂತ ಎಷ್ಟೋ ಮೊದಲು, ತಾತ್ಕಾಲಿಕ ಪಟ್ಟಿ ಪ್ರಕಟವಾಗಿ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನ ಕೊಟ್ಟಿದ್ದ ಹೊತ್ತಿನಲ್ಲಿಯೇ ತೀರ್ಮಾನವಾಗಿರುತ್ತದೆ. ಆ ದಿನಗಳಲ್ಲಿ ಬರವಣಿಗೆಯಲ್ಲಿ ಏನನ್ನೂ ಕೊಡದೆ, ‘ಕೌನ್ಸೆಲಿಂಗ್ (ಸರದಿಯಂತೆ ಖಾಲಿ ಹುದ್ದೆ ಆರಿಸಿಕೊಳ್ಳುವ ಸಭೆ) ಹೊತ್ತಿಗೆ ಸರಿ ಮಾಡೋಣ’ ಎಂಬ ಬಾಯಿಮಾತನ್ನು ನಂಬಿ ಕುಳಿತವರ ಕಷ್ಟ ಎಷ್ಟೇ ನಿಜವಾಗಿದ್ದರೂ ಕಡತದಲ್ಲಿ ಅದಕ್ಕೆ ಗುರುತು ಇರುವುದಿಲ್ಲ, ಮತ್ತು ಕಡತದಲ್ಲಿ ಇಲ್ಲದ್ದನ್ನು ಸರ್ಕಾರಿ ನೌಕರರ ಸೇವಾ ವಿವಾದಗಳನ್ನು ಕೇಳುವ ನ್ಯಾಯಮಂಡಳಿ ಊಹಿಸಿಕೊಳ್ಳುವುದಿಲ್ಲ. ಆದ್ದರಿಂದ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಿಕ್ಷಕರನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿರುವ ಈ ಕೈಪಿಡಿಯಲ್ಲಿ ಮೊಕದ್ದಮೆಗೆ ಎಷ್ಟು ಜಾಗವಿದೆಯೋ ಮೊಕದ್ದಮೆಯ ಹಿಂದಿನ ದಿನಗಳಿಗೂ ಅಷ್ಟೇ ಜಾಗವಿದೆ.

ನ್ಯಾಯಾಲಯ ಏನನ್ನು ನೋಡುತ್ತದೆ

ವರ್ಗಾವಣೆ ಸೇವೆಯ ಸಹಜ ಭಾಗ, ಇಂತಹ ಜಾಗದಲ್ಲೇ ಇರುತ್ತೇನೆ ಎನ್ನುವ ಹಕ್ಕು ಯಾವ ನೌಕರರಿಗೂ ಇಲ್ಲ ಎಂಬುದು ಸುಪ್ರೀಂ ಕೋರ್ಟ್ ಹಲವು ದಶಕಗಳಿಂದ ಹಿಡಿದುಕೊಂಡು ಬಂದಿರುವ ನಿಲುವು. ಕರ್ನಾಟಕದಿಂದಲೇ ಹೋದ ಬಿ. ವರದರಾವ್ ಪ್ರಕರಣದಲ್ಲಿ 1986ರಲ್ಲಿ ಈ ಮಾತನ್ನು ಹೇಳುವಾಗಲೇ ನ್ಯಾಯಾಲಯ, ಹೊತ್ತುಗೊತ್ತಿಲ್ಲದ, ಪದೇ ಪದೇ ನಡೆಯುವ ವರ್ಗಾವಣೆಗಳು ಕುಟುಂಬವನ್ನು ಬೇರುಸಹಿತ ಕಿತ್ತುಹಾಕುತ್ತವೆ, ಮಕ್ಕಳ ಓದನ್ನು ಕೆಡಿಸುತ್ತವೆ ಎಂದೂ ಒಪ್ಪಿಕೊಂಡಿತ್ತು. ಅರ್ಜಿ ಬರೆಯುವವರಿಗೆ ಈ ಎರಡನೆಯ ಮಾತು ಬಹಳ ಪ್ರಿಯ. ಆದರೆ ಅರ್ಜಿಗಳು ವಜಾ ಆಗುವುದು ಮೊದಲನೆಯ ಮಾತಿನಿಂದ.

ಶಿಕ್ಷಕರ ಮಟ್ಟಿಗೆ ಇದಕ್ಕಿಂತಲೂ ಹತ್ತಿರದ ತೀರ್ಪು 1991ರ ಶಿಲ್ಪಿ ಬೋಸ್ ಪ್ರಕರಣದ್ದು. ಬಿಹಾರದಲ್ಲಿ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕಿಯರನ್ನು ಅವರ ಕೋರಿಕೆಯ ಮೇರೆಗೆ ಗಂಡಂದಿರು ಕೆಲಸ ಮಾಡುವ ಊರುಗಳಿಗೆ ವರ್ಗಾಯಿಸಲಾಯಿತು. ಅದರಿಂದ ಜಾಗ ಕಳೆದುಕೊಂಡ ಶಿಕ್ಷಕರು ಹೈಕೋರ್ಟಿಗೆ ಹೋಗಿ ಗೆದ್ದರು. ಸುಪ್ರೀಂ ಕೋರ್ಟ್ ಆ ಗೆಲುವನ್ನು ರದ್ದುಪಡಿಸಿತು. ಕಡ್ಡಾಯ ಸ್ವರೂಪದ ಶಾಸನಬದ್ಧ ನಿಯಮ ಉಲ್ಲಂಘನೆಯಾಗಿದ್ದರೆ ಅಥವಾ ದುರುದ್ದೇಶ ಸಾಬೀತಾದರೆ ಮಾತ್ರ ನ್ಯಾಯಾಲಯ ವರ್ಗಾವಣೆಯಲ್ಲಿ ಕೈಹಾಕಬೇಕು, ಬರೀ ಆಡಳಿತಾತ್ಮಕ ಸೂಚನೆಗೆ ವಿರುದ್ಧವಾಗಿದ್ದರೆ ಇಲಾಖೆಯ ಮೇಲಧಿಕಾರಿಗಳ ಬಳಿಗೆ ಹೋಗಬೇಕು ಎಂಬುದು ಅದರ ಸಾರ. 1993ರ ಎಸ್.ಎಲ್. ಅಬ್ಬಾಸ್ ಪ್ರಕರಣ ಇದೇ ದಾರಿಯಲ್ಲಿ ಮುಂದುವರಿದು, ಪತಿ-ಪತ್ನಿಯರನ್ನು ಒಂದೇ ಊರಿನಲ್ಲಿ ಇರಿಸಬೇಕೆಂಬ ಮಾರ್ಗಸೂಚಿಯನ್ನು ಅಧಿಕಾರಿ ಪರಿಗಣಿಸಬೇಕಾದದ್ದು ನಿಜವಾದರೂ ಅದು ನ್ಯಾಯಾಲಯದಲ್ಲಿ ಜಾರಿಮಾಡಿಸಬಹುದಾದ ಹಕ್ಕಲ್ಲ ಎಂದಿತು. ಉತ್ತರ ಪ್ರದೇಶದ ಉಪನ್ಯಾಸಕಿಯೊಬ್ಬರ ಪ್ರಕರಣದಲ್ಲಿ 2021ರಲ್ಲೂ ಸುಪ್ರೀಂ ಕೋರ್ಟ್, ಇಂಥದೇ ಸ್ಥಳಕ್ಕೆ ವರ್ಗ ಮಾಡಿ ಎಂದು ನೌಕರರು ಹಟ ಹಿಡಿಯುವಂತಿಲ್ಲ ಎಂದು ಹೇಳಿದೆ.

ಇಷ್ಟನ್ನು ಓದಿ ನಿರಾಶರಾಗಬೇಕಿಲ್ಲ, ಏಕೆಂದರೆ ಕರ್ನಾಟಕದ ಶಿಕ್ಷಕರ ಸ್ಥಿತಿ ಬೇರೆ ಬಹಳಷ್ಟು ನೌಕರರಿಗಿಂತ ಒಂದು ಮುಖ್ಯ ವಿಷಯದಲ್ಲಿ ಮೇಲು. ಅವರ ವರ್ಗಾವಣೆಯನ್ನು ಆಳುವುದು ಬರೀ ಮಾರ್ಗಸೂಚಿಯಲ್ಲ, ವಿಧಾನಮಂಡಲ ಮಾಡಿದ ಕಾಯ್ದೆ. 2007ರಲ್ಲಿ ಬಂದ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ (ಶಿಕ್ಷಕರ ವರ್ಗಾವಣೆ ನಿಯಂತ್ರಣ) ಕಾಯ್ದೆಯ ಜಾಗಕ್ಕೆ, 2019ರ ಕಡ್ಡಾಯ ವರ್ಗಾವಣೆ ಎಬ್ಬಿಸಿದ ಕೋಲಾಹಲದ ಬೆನ್ನಿಗೆ, ಅದೇ ಹೆಸರಿನ 2020ರ ಕಾಯ್ದೆ ಬಂದಿತು. ಅದರ ಕೆಳಗೆ ನಿಯಮಗಳಿವೆ, ತಿದ್ದುಪಡಿಗಳಿವೆ, ಪ್ರತಿ ವರ್ಷ ಹೊರಡುವ ವೇಳಾಪಟ್ಟಿ ಮತ್ತು ಅಧಿಸೂಚನೆಗಳಿವೆ. ಶಾಸನಬದ್ಧ ನಿಯಮದ ಉಲ್ಲಂಘನೆ ಎಂಬ ಬಾಗಿಲು ಬೇರೆ ಇಲಾಖೆಯವರಿಗೆ ಕಿಂಡಿಯಷ್ಟಿದ್ದರೆ ಶಿಕ್ಷಕರಿಗೆ ನಿಜವಾಗಿಯೂ ಬಾಗಿಲಿನಷ್ಟಿದೆ. ಮಾಡಬೇಕಾದದ್ದು, ನಿಮ್ಮ ಸಂಕಟವನ್ನು ಆ ಕಾಯ್ದೆಯ ಭಾಷೆಗೆ ತಿರುಗಿಸುವುದು.

ಆದೇಶವನ್ನು ಓದುವುದು

ಆದೇಶದ ಮೊದಲ ಪುಟದಲ್ಲಿ ‘ಓದಲಾಗಿದೆ’ ಎಂಬ ಶೀರ್ಷಿಕೆಯ ಕೆಳಗೆ ಕಾಯ್ದೆ, ನಿಯಮ, ಅಧಿಸೂಚನೆ, ಪತ್ರಗಳ ಪಟ್ಟಿ ಇರುತ್ತದೆ. ಬಹುತೇಕ ಶಿಕ್ಷಕರು ಅದನ್ನು ಹಾರಿಸಿ ತಮ್ಮ ಹೆಸರಿರುವ ಸಾಲಿಗೆ ಹೋಗುತ್ತಾರೆ. ನಿಮ್ಮ ಪ್ರಕರಣದ ಬೀಜ ಇರುವುದು ಆ ಪಟ್ಟಿಯಲ್ಲಿ, ಆದ್ದರಿಂದ ಅದರಲ್ಲಿ ಹೆಸರಿಸಿದ ಪ್ರತಿಯೊಂದು ದಾಖಲೆಯನ್ನೂ ಸಂಪಾದಿಸಿ ಓದಬೇಕು. ಆಮೇಲೆ ಇದು ಯಾವ ಬಗೆಯ ವರ್ಗಾವಣೆ ಎಂದು ಖಚಿತಪಡಿಸಿಕೊಳ್ಳಬೇಕು: ಕೋರಿಕೆ ವರ್ಗಾವಣೆಯೇ, ಪರಸ್ಪರ ವರ್ಗಾವಣೆಯೇ, ಎ, ಬಿ, ಸಿ ವಲಯಗಳ ನಡುವಿನ ವಲಯ ವರ್ಗಾವಣೆಯೇ, ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆಯೇ, ಅಥವಾ ಆಡಳಿತಾತ್ಮಕ ಕಾರಣ ಇಲ್ಲವೇ ಸಾರ್ವಜನಿಕ ಹಿತಾಸಕ್ತಿ ಎಂದು ಹೇಳಿ ಹೊರಡಿಸಿದ್ದೇ. ಒಂದೊಂದರಲ್ಲೂ ನೋಡಬೇಕಾದ ತಪ್ಪು ಬೇರೆ ಬೇರೆ.

ಹೆಚ್ಚುವರಿ ಎಂದು ಗುರುತಿಸಿದ ಪ್ರಕರಣಗಳಲ್ಲಿ ಲೆಕ್ಕವೇ ಪ್ರಧಾನ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿವರೆಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5 ಶಿಕ್ಷಕರು ಇರಬೇಕು. ಆರರಿಂದ ಎಂಟನೆಯ ತರಗತಿಗೆ 35 ಮಕ್ಕಳಿಗೆ ಒಬ್ಬರಾದರೂ ಇರಬೇಕು, ಜೊತೆಗೆ ವಿಜ್ಞಾನ ಮತ್ತು ಗಣಿತ, ಸಮಾಜ ವಿಜ್ಞಾನ, ಭಾಷೆ ಇವುಗಳಿಗೆ ತಲಾ ಒಬ್ಬರಾದರೂ ಇರಬೇಕು. ನಿಮ್ಮ ಶಾಲೆಯಲ್ಲಿ 92 ಮಕ್ಕಳಿದ್ದು ದಾಖಲೆಯಲ್ಲಿ 89 ಎಂದು ನಮೂದಾಗಿದ್ದರೆ ಒಂದು ಹುದ್ದೆಯೇ ಹಾರಿಹೋಗುತ್ತದೆ. ಆದ್ದರಿಂದ ಯಾವ ದಿನಾಂಕದ ಮಕ್ಕಳ ಸಂಖ್ಯೆಯನ್ನು ತೆಗೆದುಕೊಳ್ಳಬೇಕೆಂದು ಇಲಾಖೆಯ ಸುತ್ತೋಲೆ ಹೇಳಿದೆ, ಆ ದಿನ ಮಕ್ಕಳ ವಿವರಗಳ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಎಷ್ಟಿತ್ತು, ದಾಖಲಾತಿ ರಿಜಿಸ್ಟರಿನಲ್ಲಿ ಎಷ್ಟಿತ್ತು ಎಂಬುದನ್ನು ಮುಖ್ಯಶಿಕ್ಷಕರ ಸಹಿ ಮತ್ತು ಮೊಹರಿನೊಂದಿಗೆ ಪಡೆದಿಟ್ಟುಕೊಳ್ಳಬೇಕು. ಹುದ್ದೆ ಹೆಚ್ಚುವರಿಯಾದದ್ದು ನಿಜವೆಂದು ಒಪ್ಪಿದರೂ, ಇರುವ ಶಿಕ್ಷಕರಲ್ಲಿ ಯಾರನ್ನು ಹೊರಗೆ ಕಳುಹಿಸಬೇಕೆಂಬ ಕ್ರಮ ಮತ್ತು ಯಾರಿಗೆ ವಿನಾಯಿತಿ ಎಂಬುದು ನಿಯಮದಲ್ಲಿರುತ್ತದೆ; ಆ ಕ್ರಮವನ್ನು ಬಿಟ್ಟು ನಿಮ್ಮ ಹೆಸರು ಹಿಡಿದಿದ್ದರೆ ಅದು ನೇರವಾದ, ವಾದಿಸಲು ಸುಲಭವಾದ ಉಲ್ಲಂಘನೆ.

ಕೋರಿಕೆ ವರ್ಗಾವಣೆಯಲ್ಲಿ ಜಗಳ ಹುಟ್ಟುವುದು ಆದ್ಯತೆಯಿಂದ. ಗಂಭೀರ ಕಾಯಿಲೆ, ಅಂಗವಿಕಲತೆ, ವೈಧವ್ಯ, ಪತಿ-ಪತ್ನಿ ಪ್ರಕರಣ ಮುಂತಾದ ಆದ್ಯತೆಗಳಿಗೆ ಬೇಕಾದ ಪ್ರಮಾಣಪತ್ರ ಯಾವ ಪ್ರಾಧಿಕಾರದಿಂದ ಬಂದಿರಬೇಕು, ಯಾವ ದಿನಾಂಕದೊಳಗೆ ಸಲ್ಲಿಕೆಯಾಗಿರಬೇಕು ಎಂಬುದು ಅಧಿಸೂಚನೆಯಲ್ಲಿ ಇರುತ್ತದೆ. ಖಾಸಗಿ ಆಸ್ಪತ್ರೆಯ ಪತ್ರ ಹಿಡಿದು ಬಂದು, ವೈದ್ಯಕೀಯ ಮಂಡಳಿಯ ಪತ್ರ ಕೇಳಿದ್ದರೆಂದು ಆಮೇಲೆ ತಿಳಿದುಕೊಂಡವರನ್ನು ನಾನು ಹಲವು ಬಾರಿ ನೋಡಿದ್ದೇನೆ. ಅಂಥವರಿಗೆ ನ್ಯಾಯಮಂಡಳಿಯಲ್ಲಿ ಹೇಳಿಕೊಳ್ಳಲು ಏನೂ ಉಳಿದಿರುವುದಿಲ್ಲ. ಘಟಕದ ಹೊರಗೆ ಹೋಗುವವರು ಇನ್ನೊಂದು ವಿಷಯವನ್ನು ನೆನಪಿಡಬೇಕು: ಪ್ರಾಥಮಿಕ ಶಿಕ್ಷಕರಿಗೆ ಜಿಲ್ಲೆ, ಪ್ರೌಢಶಾಲಾ ಶಿಕ್ಷಕರಿಗೆ ವಿಭಾಗ ಜ್ಯೇಷ್ಠತಾ ಘಟಕವಾಗಿರುವುದರಿಂದ, ಸ್ವಂತ ಕೋರಿಕೆಯ ಮೇಲೆ ಘಟಕ ಬದಲಿಸಿದವರು ಹೊಸ ಘಟಕದ ಪಟ್ಟಿಯಲ್ಲಿ ಕೊನೆಗೆ ನಿಲ್ಲಬೇಕಾಗುತ್ತದೆ. ಬಯಸಿ ಹೋಗಿ, ಬಡ್ತಿಯ ಹೊತ್ತಿಗೆ ಇದನ್ನು ಪ್ರಶ್ನಿಸಿದರೆ ಉಪಯೋಗವಿಲ್ಲ.

ಆಡಳಿತಾತ್ಮಕ ಕಾರಣದ ಆದೇಶ ಇವೆಲ್ಲಕ್ಕಿಂತ ಜಟಿಲ. ದೂರೊಂದು ಬಂದಿದೆ, ವಿಚಾರಣೆ ನಡೆದಿಲ್ಲ, ಆದರೂ ಶಿಕ್ಷಕರನ್ನು ದೂರದ ಶಾಲೆಗೆ ಎತ್ತಿಹಾಕಲಾಗಿದೆ ಎನ್ನುವ ಪ್ರಕರಣಗಳು ಈ ಗುಂಪಿಗೆ ಸೇರುತ್ತವೆ. 1957ರ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 8ನೆಯ ನಿಯಮ ದಂಡನೆಗಳನ್ನು ಪಟ್ಟಿ ಮಾಡಿದೆ, ಅದರಲ್ಲಿ ವರ್ಗಾವಣೆ ಇಲ್ಲ. ಅಂದರೆ ಶಿಕ್ಷೆಯ ಬದಲಿಗೆ ವರ್ಗಾವಣೆ ಮಾಡುವ ಅಧಿಕಾರ ಯಾರಿಗೂ ಇಲ್ಲ. 2009ರ ಸೋಮೇಶ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅನಾಮಧೇಯ ದೂರಿನ ಆಧಾರದ ಮೇಲೆ ದಂಡನೆಯ ರೂಪದಲ್ಲಿ ಮಾಡಿದ ವರ್ಗಾವಣೆ ಕಾನೂನಿನ ಕಣ್ಣಿನಲ್ಲಿ ದುರುದ್ದೇಶದ್ದೇ ಎಂದು ಹೇಳಿ ರದ್ದುಪಡಿಸಿತು. ಆದೇಶದಲ್ಲಿಯೇ ದೂರಿನ ಪ್ರಸ್ತಾಪವಿದ್ದರೆ ಈ ತೀರ್ಪು ನಿಮ್ಮ ಕೈಯಲ್ಲಿರುವ ಬಲವಾದ ಆಯುಧ. ಪ್ರಸ್ತಾಪವಿಲ್ಲದಿದ್ದರೆ ಆ ಕಡತವನ್ನು ತರಿಸಿ ನೋಡಬೇಕೆಂದು ನ್ಯಾಯಮಂಡಳಿಯನ್ನು ಕೋರಬೇಕು. ಆದೇಶ ಹೊರಟ ಮೇಲೆ ಹೊಸ ಕಾರಣಗಳನ್ನು ನ್ಯಾಯಾಲಯಕ್ಕೆ ಸಲ್ಲಿಸುವ ಅಫಿಡವಿಟ್ ಮೂಲಕ ಸೇರಿಸುವಂತಿಲ್ಲವೆಂಬ 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಇಲ್ಲಿ ಕೆಲಸಕ್ಕೆ ಬರುತ್ತದೆ.

ಶಾಸಕರ ಶಿಫಾರಸು ಪತ್ರದ ಬಗ್ಗೆ ಒಂದು ತಪ್ಪು ನಂಬಿಕೆ ಹರಡಿದೆ. ಕಡತದಲ್ಲಿ ಅಂಥ ಪತ್ರ ಸಿಕ್ಕಿತೆಂದರೆ ಗೆದ್ದಂತೆಯೇ ಎಂದು ಹಲವರು ಭಾವಿಸುತ್ತಾರೆ. ಮೊಹಮ್ಮದ್ ಮಸೂದ್ ಅಹ್ಮದ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್, ಶಾಸಕರ ಶಿಫಾರಸು ಇದೆ ಎಂಬ ಒಂದೇ ಕಾರಣಕ್ಕೆ ವರ್ಗಾವಣೆ ಕೆಡುವುದಿಲ್ಲ ಎಂದು ಹೇಳಿದೆ. ಕೌನ್ಸೆಲಿಂಗ್ ಮೂಲಕವೇ ತುಂಬಬೇಕಾದ ಹುದ್ದೆಯನ್ನು ಆ ಪತ್ರದ ಬಲದಿಂದ ಹೊರಗಿನಿಂದ ತುಂಬಿದ್ದಾರೆ ಎಂದು ತೋರಿಸಿದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ. ಅದೇ ಹೊತ್ತಿಗೆ, ನೀವೇ ಶಿಫಾರಸು ಪತ್ರ ತಂದುಕೊಂಡಿದ್ದರೆ ಅದು ನಿಮ್ಮ ಮೇಲೆಯೇ ತಿರುಗಿಬೀಳುತ್ತದೆ. ಸೇವಾ ವಿಷಯದಲ್ಲಿ ರಾಜಕೀಯ ಪ್ರಭಾವ ತರುವುದು ನಡತೆ ನಿಯಮಗಳ ಪ್ರಕಾರ ದುರ್ನಡತೆ.

ಆಕ್ಷೇಪಣೆಯ ಆ ಕೆಲವು ದಿನಗಳು

ತಾತ್ಕಾಲಿಕ ಪಟ್ಟಿ ಪ್ರಕಟವಾದ ಕೂಡಲೇ ಅದರ ಪ್ರತಿಯನ್ನು ದಿನಾಂಕ ಮತ್ತು ಸಮಯ ಕಾಣುವಂತೆ ಉಳಿಸಿಕೊಳ್ಳಬೇಕು, ಏಕೆಂದರೆ ಅಂತಿಮ ಪಟ್ಟಿ ಬಂದ ಮೇಲೆ ಹಳೆಯದು ಜಾಲತಾಣದಿಂದ ಮಾಯವಾಗುವುದುಂಟು. ನಿಮ್ಮ ಸೇವಾ ವಿವರ, ವಲಯ, ಈಗಿನ ಶಾಲೆಗೆ ಸೇರಿದ ದಿನಾಂಕ, ವಿಷಯ, ಮಾಧ್ಯಮ, ಆದ್ಯತೆ ಇವು ಸೇವಾ ಪುಸ್ತಕಕ್ಕೂ ಇಲಾಖೆಯ ತಂತ್ರಾಂಶಕ್ಕೂ ಹೊಂದಿಕೆಯಾಗಿವೆಯೇ ನೋಡಬೇಕು. ಬಹುಪಾಲು ತಪ್ಪುಗಳು ದುರುದ್ದೇಶದಿಂದ ಹುಟ್ಟಿದವಲ್ಲ, ಯಾರೋ ಎಂದೋ ತಂತ್ರಾಂಶದಲ್ಲಿ ತುಂಬಿದ ತಪ್ಪು ದಿನಾಂಕದಿಂದ ಹುಟ್ಟಿದವು. ಆಕ್ಷೇಪಣೆಯ ಅವಧಿಯಲ್ಲಿ ಹೇಳಿದರೆ ಅವು ಅರ್ಧ ದಿನದ ಕೆಲಸ, ಆಮೇಲಾದರೆ ಎರಡು ವರ್ಷದ ಮೊಕದ್ದಮೆ.

ಆಕ್ಷೇಪಣೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದ್ದರೂ ಅದರದೇ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದು ಒಳ್ಳೆಯದು. ಮೊಹರು ಹಾಕಲು ತಕರಾರು ಮಾಡಿದರೆ ಅದೇ ದಿನ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ಪತ್ರದ ಭಾಷೆ ಸರಳವಾಗಿರಲಿ: ಪಟ್ಟಿಯ ಕ್ರಮಸಂಖ್ಯೆ, ಇರುವ ತಪ್ಪು, ಇರಬೇಕಾದದ್ದು, ಯಾವ ನಿಯಮದ ಪ್ರಕಾರ, ಯಾವ ದಾಖಲೆಯ ಆಧಾರದಿಂದ. ಮಗನ ಪರೀಕ್ಷೆ, ತಾಯಿಯ ಮಂಡಿನೋವು, ಬಸ್ಸಿನ ತೊಂದರೆ ಇವನ್ನು ಕೊನೆಯ ಒಂದು ಕಂಡಿಕೆಯಲ್ಲಿ ಹೇಳಬಹುದು, ಮೊದಲ ಮೂರು ಪುಟಗಳಲ್ಲಿ ಅಲ್ಲ. ಇಷ್ಟಕ್ಕೆ ಉತ್ತರವಾಗಿ ಲಿಖಿತ ಹಿಂಬರಹ ಬೇಕೆಂದು ಪತ್ರದಲ್ಲಿಯೇ ಕೇಳಬೇಕು. ತಿರಸ್ಕಾರದ ಹಿಂಬರಹ ಕೂಡ ನಿಮಗೆ ಲಾಭವೇ, ಏಕೆಂದರೆ ಅದರಲ್ಲಿ ಕಾರಣ ಇರುತ್ತದೆ ಅಥವಾ ಕಾರಣ ಇರುವುದಿಲ್ಲ, ಎರಡನ್ನೂ ಪ್ರಶ್ನಿಸಬಹುದು.

ಕೌನ್ಸೆಲಿಂಗ್ ಕೊಠಡಿಯಲ್ಲಿ ಪರದೆಯ ಮೇಲೆ ಕಾಣಿಸುವ ಖಾಲಿ ಹುದ್ದೆಗಳ ಪಟ್ಟಿಯ ಕಡೆ ಗಮನವಿರಲಿ. ನಿಮ್ಮ ಸರದಿಗೆ ಮೊದಲು ಇದ್ದ ಹುದ್ದೆ ಯಾರೂ ಆರಿಸಿಕೊಳ್ಳದೆ ಮರೆಯಾದರೆ ಅಲ್ಲಿಯೇ ಲಿಖಿತ ಆಕ್ಷೇಪಣೆ ಕೊಡಬೇಕು, ಬೇರೆ ಸ್ಥಳವನ್ನು ಆರಿಸಿಕೊಳ್ಳಬೇಕಾಗಿ ಬಂದರೆ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು ಸಹಿ ಮಾಡಬೇಕು. ಏನನ್ನೂ ಬರೆಯದೆ ಸಹಿ ಹಾಕಿ ಬಂದವರಿಗೆ, ನೀವೇ ಒಪ್ಪಿ ಆರಿಸಿಕೊಂಡಿರಲ್ಲ ಎಂಬ ಒಂದೇ ವಾಕ್ಯ ಆಮೇಲೆ ಸಾಕಾಗುತ್ತದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ ಖಾಲಿ ಹುದ್ದೆಗಳ ಪಟ್ಟಿ ಮತ್ತು ಕಡತದ ಟಿಪ್ಪಣಿಗಳನ್ನು ಕೇಳಬಹುದು, ಆದರೆ ಅದಕ್ಕೆ 30 ದಿನದ ಅವಕಾಶವಿರುವುದರಿಂದ ಅದನ್ನು ಕಾದುಕೊಂಡು ಮೊಕದ್ದಮೆಯನ್ನು ಮುಂದಕ್ಕೆ ಹಾಕಬಾರದು.

ಬಿಡುಗಡೆ, ಹಾಜರಾತಿ ಮತ್ತು ಒಂದು ದುಬಾರಿ ತಪ್ಪು

ಆದೇಶವನ್ನು ಪ್ರಶ್ನಿಸಲು ಹೊರಟ ಶಿಕ್ಷಕರು ಮಾಡುವ ಅತ್ಯಂತ ದುಬಾರಿ ತಪ್ಪು, ಹಳೆಯ ಶಾಲೆಯಿಂದ ಬಿಡುಗಡೆಯಾದ ಮೇಲೂ ಹೊಸ ಶಾಲೆಗೆ ಹಾಜರಾಗದೆ ಮನೆಯಲ್ಲಿ ಉಳಿಯುವುದು. ಮನವಿ ಕೊಟ್ಟಿದ್ದೇನೆ, ಅದು ಇತ್ಯರ್ಥವಾಗುವವರೆಗೆ ಹೋಗಬೇಕಿಲ್ಲ ಎಂಬ ಭಾವನೆ ಸರಿಯಲ್ಲ. 1989ರ ಗುಜರಾತ್ ವಿದ್ಯುತ್ ಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಡೆಯಾಗಲಿ ರದ್ದತಿಯಾಗಲಿ ಇಲ್ಲದಿದ್ದರೆ ವರ್ಗಾವಣೆ ಆದೇಶವನ್ನು ಪಾಲಿಸಲೇಬೇಕು, ಬರೀ ಮನವಿ ಬಾಕಿಯಿರುವುದು ಗೈರುಹಾಜರಿಗೆ ಸಮರ್ಥನೆಯಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅನಧಿಕೃತ ಗೈರುಹಾಜರಿಯಿಂದ ಶಿಸ್ತು ಕ್ರಮ ಶುರುವಾದರೆ, ವರ್ಗಾವಣೆಯ ಮೊಕದ್ದಮೆ ಗೆದ್ದರೂ ಆ ಎರಡನೆಯ ಮೊಕದ್ದಮೆ ಉಳಿದುಕೊಳ್ಳುತ್ತದೆ, ವೇತನವೂ ನಿಲ್ಲುತ್ತದೆ.

ಹಾಗಾದರೆ ಹೊಸ ಶಾಲೆಗೆ ಸೇರಿದರೆ ಪ್ರಶ್ನಿಸುವ ಹಕ್ಕು ಹೋಗುವುದೇ ಎಂಬ ಅಳುಕು ಸಹಜ. ಹೋಗುವುದಿಲ್ಲ. ಹಾಜರಾತಿ ವರದಿಯಲ್ಲಿ ‘ವರ್ಗಾವಣೆ ಆದೇಶವನ್ನು ಪ್ರಶ್ನಿಸುವ ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡು ಕರ್ತವ್ಯಕ್ಕೆ ಹಾಜರಾಗಿದ್ದೇನೆ’ ಎಂಬ ಒಂದು ಸಾಲು ಸೇರಿಸಿದರೆ ಸಾಕು. ಸೇರಿದವರಿಗೆ ಮಧ್ಯಂತರ ತಡೆ ಸಿಗುವ ಸಾಧ್ಯತೆ ಕಡಿಮೆಯಾಗುವುದು ಮಾತ್ರ ನಿಜ, ಆದ್ದರಿಂದ ಬಿಡುಗಡೆಗೆ ಮೊದಲೇ ನ್ಯಾಯಮಂಡಳಿ ತಲುಪುವುದು ಯಾವಾಗಲೂ ಲೇಸು. ರಜೆ ಹಾಕಿ ಬಿಡುಗಡೆಯನ್ನು ತಪ್ಪಿಸಿಕೊಳ್ಳುವ ಹಳೆಯ ಉಪಾಯ ಈಗ ನಡೆಯುವುದು ಅಪರೂಪ. ಗೈರಿನಲ್ಲಿಯೇ ಬಿಡುಗಡೆ ಮಾಡಿ ತಂತ್ರಾಂಶದಲ್ಲಿ ನಮೂದಿಸಿಬಿಡುತ್ತಾರೆ, ಮತ್ತು ನ್ಯಾಯಮಂಡಳಿಯೂ ಅಂಥ ರಜೆಯನ್ನು ಅನುಮಾನದಿಂದಲೇ ನೋಡುತ್ತದೆ.

ಎಲ್ಲಿಗೆ, ಹೇಗೆ

ಸರ್ಕಾರಿ ಶಾಲಾ ಶಿಕ್ಷಕರು ರಾಜ್ಯ ಸಿವಿಲ್ ಸೇವೆಯವರಾದ್ದರಿಂದ ಅವರ ಮೊದಲ ಮೆಟ್ಟಿಲು ಹೈಕೋರ್ಟ್ ಅಲ್ಲ, ಎಲ್ಲರೂ ಕೆಎಟಿ ಎಂದು ಕರೆಯುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯಡಿ 1986ರಿಂದ ಕೆಲಸ ಮಾಡುತ್ತಿರುವ ಈ ಮಂಡಳಿಯ ಪ್ರಧಾನ ಪೀಠ ಬೆಂಗಳೂರಿನಲ್ಲಿದೆ, ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಕೆಎಟಿಯ ಆದೇಶದ ವಿರುದ್ಧ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗಬಹುದೆಂದು 1997ರ ಎಲ್. ಚಂದ್ರಕುಮಾರ್ ತೀರ್ಪು ತೀರ್ಮಾನಿಸಿದೆ. ನೇರವಾಗಿ ಹೈಕೋರ್ಟಿಗೆ ಹೋದರೆ ಅದೇ ತೀರ್ಪನ್ನು ತೋರಿಸಿ ಹಿಂದಕ್ಕೆ ಕಳುಹಿಸುತ್ತಾರೆ. ಅನುದಾನಿತ ಖಾಸಗಿ ಶಾಲೆಯ ಶಿಕ್ಷಕರು ಸಿವಿಲ್ ಸೇವೆಯವರಲ್ಲವಾದ್ದರಿಂದ ಅವರಿಗೆ ಕೆಎಟಿ ಇಲ್ಲ. ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ ವಿದ್ಯಾಲಯಗಳವರು ಬೆಂಗಳೂರಿನ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು.

1985ರ ಅದೇ ಕಾಯ್ದೆಯ 19ನೆಯ ಕಲಮಿನಡಿ ಅರ್ಜಿ, 21ನೆಯ ಕಲಮಿನಂತೆ ಅಂತಿಮ ಆದೇಶದಿಂದ ಒಂದು ವರ್ಷದ ಕಾಲಮಿತಿ. ಕಾಗದದ ಮೇಲಿನ ಈ ಒಂದು ವರ್ಷವನ್ನು ನಂಬಬಾರದು. ವರ್ಗಾವಣೆಯ ಪ್ರಕರಣದಲ್ಲಿ ನಿಜವಾದ ಕಾಲಮಿತಿ ಬಿಡುಗಡೆಯ ದಿನ, ತಪ್ಪಿದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬಂದು ಹಾಜರಾಗುವ ದಿನ. 20ನೆಯ ಕಲಮು ಇಲಾಖೆಯೊಳಗಿನ ಪರಿಹಾರಗಳನ್ನು ಮೊದಲು ಬಳಸಿರಬೇಕೆನ್ನುತ್ತದೆ, ಆದರೆ ‘ಸಾಮಾನ್ಯವಾಗಿ’ ಎಂಬ ಪದ ಅದರಲ್ಲಿದೆ. ಆಕ್ಷೇಪಣೆ ಅಥವಾ ಮನವಿಯ ಸ್ವೀಕೃತಿ ನಿಮ್ಮ ಬಳಿ ಇದ್ದು, ಉತ್ತರ ಬರುವುದರೊಳಗೆ ಬಿಡುಗಡೆ ಮಾಡುತ್ತಿದ್ದಾರೆಂದು ತೋರಿಸಿದರೆ ಈ ಅಡ್ಡಿಯನ್ನು ದಾಟಬಹುದು.

ಅರ್ಜಿಯಲ್ಲಿ ಯಾರನ್ನು ಪ್ರತಿವಾದಿಗಳನ್ನಾಗಿ ಮಾಡಬೇಕೆಂಬುದರಲ್ಲಿ ಎಡವುವವರು ಬಹಳ. ಸರ್ಕಾರದ ಪರವಾಗಿ ಶಾಲಾ ಶಿಕ್ಷಣ ಇಲಾಖೆಯ ಪ್ರಧಾನ ಕಾರ್ಯದರ್ಶಿ, ಆಯುಕ್ತರು, ಆದೇಶ ಹೊರಡಿಸಿದ ಸಹ ನಿರ್ದೇಶಕರು ಅಥವಾ ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿ ಇವರ ಜೊತೆಗೆ, ನಿಮ್ಮ ಜಾಗಕ್ಕೆ ಬರುತ್ತಿರುವ ಅಥವಾ ನಿಮಗೆ ಸಿಗಬೇಕಾಗಿದ್ದ ಜಾಗವನ್ನು ಪಡೆದ ಶಿಕ್ಷಕರನ್ನು ಹೆಸರಿಸಿಯೇ ಸೇರಿಸಬೇಕು. ಅವರ ಮಾತು ಕೇಳದೆ ಅವರಿಗೆ ನಷ್ಟವಾಗುವ ಆದೇಶ ಮಾಡಲು ಮಂಡಳಿ ಒಪ್ಪುವುದಿಲ್ಲ. ಅಧಿಕಾರಿಯೊಬ್ಬರ ವೈಯಕ್ತಿಕ ದ್ವೇಷವೇ ಕಾರಣ ಎಂದು ಹೇಳುವುದಾದರೆ ಆ ಅಧಿಕಾರಿಯನ್ನು ಹುದ್ದೆಯಿಂದ ಮಾತ್ರವಲ್ಲ, ಹೆಸರಿನಿಂದಲೂ ಪ್ರತಿವಾದಿಯಾಗಿಸಿ, ದಿನಾಂಕ ಸಹಿತ ಘಟನೆಗಳನ್ನು ಹೇಳಬೇಕು. ದುರುದ್ದೇಶವನ್ನು ಸಾಬೀತುಪಡಿಸುವ ಹೊರೆ ಬಹಳ ಭಾರವೆಂದು 1974ರ ರಾಯಪ್ಪ ಪ್ರಕರಣದಲ್ಲಿಯೇ ಹೇಳಲಾಗಿದೆ. ಅಷ್ಟು ಸಾಕ್ಷ್ಯ ಇಲ್ಲದಿದ್ದರೆ ಆ ಆರೋಪವನ್ನು ಬಿಟ್ಟು ನಿಯಮ ಉಲ್ಲಂಘನೆಯ ಮೇಲೆಯೇ ನಿಲ್ಲುವುದು ಜಾಣತನ. ಸಿಟ್ಟಿನಲ್ಲಿ ಬರೆದ ಹತ್ತು ಆರೋಪಗಳು ನಿಜವಾದ ಒಂದು ಉಲ್ಲಂಘನೆಯನ್ನು ಮುಚ್ಚಿಹಾಕುತ್ತವೆ.

ಅಂಗವಿಕಲ ಶಿಕ್ಷಕರು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೆಯ ಕಲಮನ್ನು ಅರ್ಜಿಯಲ್ಲಿ ತಪ್ಪದೆ ಹೇಳಬೇಕು. ಉದ್ಯೋಗದಲ್ಲಿ ಸೂಕ್ತ ಅನುಕೂಲ ಒದಗಿಸುವ ಹೊಣೆಯನ್ನು ಅದು ಸರ್ಕಾರದ ಮೇಲೆ ಹಾಕುತ್ತದೆ, ಅಂಥ ನೌಕರರ ನೇಮಕಸ್ಥಳ ಮತ್ತು ವರ್ಗಾವಣೆಗೆ ನೀತಿ ರೂಪಿಸಲು ಅವಕಾಶ ಕೊಡುತ್ತದೆ. 2022ರ ಎಸ್.ಕೆ. ನೌಷಾದ್ ರಹಮಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವರ್ಗಾವಣಾ ನೀತಿ ಮಾಡುವಾಗ ಕುಟುಂಬ ಜೀವನ, ಪತಿ-ಪತ್ನಿಯರ ನೇಮಕಸ್ಥಳ ಮತ್ತು ಅಂಗವಿಕಲರ ಅಗತ್ಯಗಳಿಗೆ ಸರ್ಕಾರ ಗಮನ ಕೊಡಬೇಕೆಂದು ಹೇಳಿದೆ. ನೀತಿಯನ್ನೇ ಪ್ರಶ್ನಿಸುವವರಿಗೆ ಅಬ್ಬಾಸ್ ತೀರ್ಪಿನ ಬಿಗಿಯನ್ನು ಸ್ವಲ್ಪವಾದರೂ ಸಡಿಲಿಸುವ ಮಾತು ಇದು.

ಅರ್ಜಿದಾರರು ಸ್ವತಃ ವಾದಿಸಲು ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯಲ್ಲಿ ಅವಕಾಶವಿದೆ, ಆದರೂ ಸೇವಾ ವಿಷಯಗಳಲ್ಲಿ ಅನುಭವವಿರುವ ವಕೀಲರನ್ನು ಹಿಡಿಯುವುದು ಮೇಲು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮು ಹೇಳುತ್ತದೆ. ಒಂದೇ ಆದೇಶದಿಂದ ತೊಂದರೆಗೊಳಗಾದ ಹಲವರು ಕೂಡಿ ಅರ್ಜಿ ಹಾಕುವ ಮುನ್ನ ಎಲ್ಲರ ಸಂಗತಿಗಳೂ ನಿಜವಾಗಿ ಒಂದೇ ಆಗಿವೆಯೇ ನೋಡಬೇಕು. ಒಬ್ಬರ ಸೇವಾ ಅವಧಿ, ಇನ್ನೊಬ್ಬರ ವೈದ್ಯಕೀಯ ಪತ್ರ, ಮತ್ತೊಬ್ಬರ ಹೆಚ್ಚುವರಿ ಲೆಕ್ಕ ಬೆರೆತರೆ ಗಟ್ಟಿಯಾದವರ ಪ್ರಕರಣವೂ ತೆಳುವಾಗುತ್ತದೆ.

ಮಧ್ಯಂತರ ಆದೇಶದ ಪದಗಳು

ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 24ನೆಯ ಕಲಮಿನ ಪ್ರಕಾರ ಅರ್ಜಿಯ ಪ್ರತಿಯನ್ನು ಎದುರು ಪಕ್ಷಕ್ಕೆ ಕೊಟ್ಟು, ಅವರಿಗೆ ಹೇಳಿಕೊಳ್ಳಲು ಅವಕಾಶವಿತ್ತ ಮೇಲೆಯೇ ಮಧ್ಯಂತರ ಆದೇಶ ಮಾಡಬೇಕು. ತುಂಬಿಕೊಡಲಾಗದ ನಷ್ಟ ತಪ್ಪಿಸಲು ಕಾರಣ ದಾಖಲಿಸಿ ಏಕಪಕ್ಷೀಯವಾಗಿ ಮಾಡಿದ ಆದೇಶ, ಆ ಷರತ್ತುಗಳನ್ನು ಪೂರೈಸದಿದ್ದರೆ 14 ದಿನಗಳಿಗೆ ತಾನಾಗಿಯೇ ಬಿದ್ದುಹೋಗುತ್ತದೆ. ಆದ್ದರಿಂದ ಅರ್ಜಿ ದಾಖಲಿಸುವ ದಿನವೇ ಸರ್ಕಾರಿ ವಕೀಲರಿಗೆ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಎದುರಾಳಿ ಶಿಕ್ಷಕರು ಮುಂಚೆಯೇ ಕೇವಿಯಟ್ (ತಮ್ಮ ಮಾತು ಕೇಳದೆ ಆದೇಶ ಮಾಡಬಾರದೆಂಬ ಕೋರಿಕೆ) ಹಾಕಿರಬಹುದೆಂಬ ಎಚ್ಚರವೂ ಇರಲಿ. ನೀವೇ ಹೊಸ ಜಾಗಕ್ಕೆ ಆಯ್ಕೆಯಾಗಿದ್ದು ಇನ್ನೊಬ್ಬರು ಪ್ರಶ್ನಿಸುವ ಸೂಚನೆ ಇದ್ದರೆ ನಿಮ್ಮದೂ ಅದೇ ಕೆಲಸ.

ಸಿಕ್ಕ ಆದೇಶದ ಒಂದೊಂದು ಪದವನ್ನೂ ಓದಬೇಕು. ‘ಯಥಾಸ್ಥಿತಿ ಕಾಪಾಡಬೇಕು’ ಎಂಬ ಆದೇಶ ಬಂದಿತೆಂದು ಸಂಭ್ರಮಪಟ್ಟು ಊರಿಗೆ ಬಂದವರಿಗೆ, ಹಿಂದಿನ ದಿನವೇ ಬಿಡುಗಡೆಯಾಗಿದ್ದರೆ ಆ ಯಥಾಸ್ಥಿತಿ ಎಂದರೆ ಬಿಡುಗಡೆಯಾದ ಸ್ಥಿತಿಯೇ ಎಂದು ಕಚೇರಿಯಲ್ಲಿ ತಿಳಿಯುತ್ತದೆ. ‘ಈವರೆಗೆ ಬಿಡುಗಡೆಯಾಗಿಲ್ಲದಿದ್ದಲ್ಲಿ’ ಎಂಬ ಷರತ್ತು ಸೇರಿದ್ದರೂ ಅಷ್ಟೇ. ಬಿಡುಗಡೆಯಾಗಿದ್ದರೆ ಅದನ್ನು ಮುಚ್ಚಿಡದೆ ಅರ್ಜಿಯಲ್ಲಿ ಹೇಳಿ, ಬಿಡುಗಡೆ ಆದೇಶವನ್ನೂ ಪ್ರಶ್ನಿಸಿ, ಹಿಂದಿನ ಶಾಲೆಯಲ್ಲಿಯೇ ಮುಂದುವರಿಸಿ ವೇತನ ಕೊಡುವಂತೆ ನಿರ್ದಿಷ್ಟ ಮಧ್ಯಂತರ ನಿರ್ದೇಶನ ಕೋರಬೇಕು. ಮುಚ್ಚಿಟ್ಟದ್ದು ಬಯಲಾದ ದಿನ ಉಳಿದ ಎಲ್ಲ ವಾದವೂ ಬಿದ್ದುಹೋಗುತ್ತದೆ.

ಇನ್ನೊಂದು ಬಗೆಯ ಆದೇಶವೂ ಸಾಮಾನ್ಯ: ಅರ್ಜಿದಾರರ ಮನವಿಯನ್ನು ಇಂತಿಷ್ಟು ವಾರಗಳಲ್ಲಿ ಪರಿಗಣಿಸಿ ತೀರ್ಮಾನಿಸಿ ಎಂದು ಇಲಾಖೆಗೆ ಹೇಳಿ ಅರ್ಜಿಯನ್ನು ಮುಗಿಸುವುದು. ಇದನ್ನು ಸೋಲೆಂದು ಭಾವಿಸಬೇಕಿಲ್ಲ. ಪ್ರಮಾಣೀಕೃತ ಪ್ರತಿಯೊಂದಿಗೆ ಹೊಸದಾಗಿ, ಚೊಕ್ಕವಾಗಿ ಬರೆದ ಮನವಿಯನ್ನು ಸಲ್ಲಿಸಿದರೆ ಇಲಾಖೆ ಕಾರಣ ಸಹಿತ ಉತ್ತರ ಕೊಡಲೇಬೇಕಾಗುತ್ತದೆ, ಆ ಉತ್ತರ ನಿಯಮಕ್ಕೆ ವಿರುದ್ಧವಾಗಿದ್ದರೆ ಎರಡನೆಯ ಅರ್ಜಿಗೆ ಮೊದಲಿನದಕ್ಕಿಂತ ಗಟ್ಟಿಯಾದ ನೆಲ ಸಿಗುತ್ತದೆ.

ತಡೆಯಾಜ್ಞೆಯೋ ಅಂತಿಮ ಗೆಲುವೋ ಸಿಕ್ಕ ಮೇಲೆ ಕೆಲಸ ಮುಗಿಯಲಿಲ್ಲ. ಪ್ರಮಾಣೀಕೃತ ಪ್ರತಿಯನ್ನು ಅದೇ ದಿನ ಉಪನಿರ್ದೇಶಕರ ಕಚೇರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ, ಎರಡೂ ಶಾಲೆಗಳ ಮುಖ್ಯಶಿಕ್ಷಕರಿಗೆ ತಲುಪಿಸಿ ಸ್ವೀಕೃತಿ ಪಡೆಯಬೇಕು, ಕರ್ತವ್ಯಕ್ಕೆ ಹಾಜರಾಗಲು ಬಂದಿದ್ದೇನೆಂಬ ಪತ್ರವನ್ನೂ ಕೊಡಬೇಕು. ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಲು ಬಿಡದಿದ್ದರೆ ಆ ದಿನವೇ ನೋಂದಾಯಿತ ಅಂಚೆಯಲ್ಲಿ ಹಾಜರಾತಿ ವರದಿ ಕಳುಹಿಸಬೇಕು. ನೌಕರರ ವೇತನದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಹೊಸ ಶಾಲೆಯ ವೇತನ ಬಟವಾಡೆ ಅಧಿಕಾರಿಯ ಕಡೆಗೆ ಹೋಗಿದ್ದರೆ ಅದನ್ನು ಹಿಂದಕ್ಕೆ ತರಿಸಲು ಪ್ರತ್ಯೇಕ ಪತ್ರ ಬರೆಯಬೇಕು, ಇಲ್ಲದಿದ್ದರೆ ಹಳೆಯ ಶಾಲೆಯಲ್ಲಿ ಪಾಠ ಮಾಡುತ್ತಾ ಎಲ್ಲಿಂದಲೂ ವೇತನವಿಲ್ಲದೆ ತಿಂಗಳುಗಳನ್ನು ಕಳೆಯಬೇಕಾಗುತ್ತದೆ. ಬಿಡುಗಡೆಗೂ ಮರುಸೇರ್ಪಡೆಗೂ ನಡುವಿನ ದಿನಗಳನ್ನು ಯಾವ ರೀತಿ ಪರಿಗಣಿಸಬೇಕೆಂಬುದಕ್ಕೆ ಆದೇಶ ಮಾಡಿಸಿ ಸೇವಾ ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕು. ಆದೇಶವನ್ನು ಬೇಕೆಂದೇ ಪಾಲಿಸದಿದ್ದರೆ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 17ನೆಯ ಕಲಮಿನಡಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬಹುದು, ಆಗ ಆಧಾರವಾಗುವುದು ಆ ಸ್ವೀಕೃತಿಗಳು ಮತ್ತು ಅಂಚೆ ರಸೀದಿಗಳೇ.